ಬೋಟಿನ ಕ್ಯಾಬಿನ್‌ನಲ್ಲಿ ಗ್ಯಾಸ್ ವಾಸನೆ: ಒಲೆ ಬದಲಿಸುವ ಮೊದಲು ತಳ ನೋಡಿ

ಪ್ರಶ್ನೆ: ನಮ್ಮದು ಗಂಗೊಳ್ಳಿ ಬಂದರಿನ ಸಣ್ಣ ಟ್ರಾಲ್ ಬೋಟು. 38 ಅಡಿ, ಮರದ್ದು, ಮೇಲೆ ಫೈಬರ್ ಹೊದಿಸಿದ್ದೇವೆ. ಐದು ಜನ ಹೋಗಿ ಎರಡು-ಮೂರು ದಿನ ಕಡಲಲ್ಲೇ ಇರುತ್ತೇವೆ. ಚಿಕ್ಕ ಕ್ಯಾಬಿನ್‌ನಲ್ಲೇ ಅಡುಗೆ, ಅಲ್ಲೇ ನಿದ್ದೆ. ಎರಡು ಬರ್ನರಿನ ಗ್ಯಾಸ್ ಒಲೆ. ಮನೆಗೆ ಬರುವಂಥದ್ದೇ ಸಿಲಿಂಡರ್, ಮಲಗುವ ಹಲಗೆಯ ಕೆಳಗೆ ಇಟ್ಟಿದ್ದೇವೆ. ಮೀನುಗಾರಿಕೆ ನಿಷೇಧದ ಸಮಯದಲ್ಲಿ ಬೋಟನ್ನು ಮೇಲೆಳೆದು ಬಣ್ಣ ಹೊಡೆಸಿದೆವು. ಆಗಸ್ಟ್‌ನಲ್ಲಿ ಕಡಲಿಗೆ ಇಳಿದಂದಿನಿಂದ ಕ್ಯಾಬಿನ್ ತುಂಬ ವಾಸನೆ. ಬೆಳಿಗ್ಗೆ ಏಳುವಾಗ ನೆಲದ ಹತ್ತಿರ ಜಾಸ್ತಿ. ಅಡುಗೆ ಮಾಡುವಾಗ ಬೇರೆಯೇ ಘಾಟು, ಕಣ್ಣು ಉರಿಯುತ್ತದೆ, ಬೆಂಕಿ ಹಳದಿ ಬರುತ್ತದೆ. ಎಂಜಿನ್ ಬಹಳ ಹೊತ್ತು ಓಡಿದರೆ ಡೀಸೆಲ್ ವಾಸನೆಯೂ ಇದೆ. ಒಲೆಯನ್ನೇ ಬದಲಿಸಿದೆವು, ವಾಸನೆ ಹೋಗಲಿಲ್ಲ. ಸಿಲಿಂಡರ್ ಮುಗಿಯುವಾಗ ವಾಸನೆ ಬರುವುದು ಸಹಜ ಎಂದು ಮಾವ ಹೇಳುತ್ತಾರೆ. ಗ್ಯಾಸ್ ಹಗುರ, ಮೇಲಿನ ಕಿಟಕಿ ತೆರೆದಿಟ್ಟರೆ ಸಾಕು ಎಂದು ಇನ್ನೊಬ್ಬರು. ಬೋಟಿನಲ್ಲಿ ದುಡಿಯುವ ನಮ್ಮ ಒಬ್ಬ ಕಲಾಸಿಗೆ ಎದ್ದಾಗಲೆಲ್ಲ ತಲೆನೋವು. ಸೀಮೆಎಣ್ಣೆ ಸ್ಟವ್‌ಗೆ ಹೋಗುವುದು ಒಳ್ಳೆಯದೇ? ಈ ವಾರ ಬೋಟು ಬಿಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸೋರಿಕೆ ಎಲ್ಲಿದೆ ಎಂದು ಗೊತ್ತಾಗುವವರೆಗೆ ಬೋಟು ಬಿಡಬೇಡಿ. ದಕ್ಕೆಯಲ್ಲಿ ಕಟ್ಟಿದ ಬೋಟಿನಲ್ಲಿ ಅರ್ಧ ದಿನದಲ್ಲಿ ಮುಗಿಯುವ ಕೆಲಸ ಇದು. ಅದನ್ನೇ ಕಡಲ ನಡುವೆ, ರಾತ್ರಿ, ಮಳೆಯಲ್ಲಿ ಮಾಡುವ ಪರಿಸ್ಥಿತಿ ತಂದುಕೊಳ್ಳಬೇಡಿ. ಇವತ್ತೇ ಸಿಲಿಂಡರನ್ನು ಕ್ಯಾಬಿನ್‌ನಿಂದ ಹೊರಗೆ ತಂದು ಡೆಕ್ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟಿ. ರೆಗ್ಯುಲೇಟರ್ ತೆಗೆದು ಸೇಫ್ಟಿ ಕ್ಯಾಪ್ ಹಾಕಿ. ಆ ಕ್ಯಾಪ್ ಎಲ್ಲೋ ಕಳೆದುಹೋಯಿತು ಅನ್ನುವವರೇ ಜಾಸ್ತಿ. ಅದನ್ನು ನೈಲಾನ್ ದಾರದಲ್ಲಿ ಸಿಲಿಂಡರಿಗೇ ಕಟ್ಟಿ ಕಳಿಸುವುದು ಸುಮ್ನೆ ಅಲ್ಲ.

ಬೋಟುಗಳ ಎಂಜಿನ್ ಮತ್ತು ಗ್ಯಾಸ್ ಜೋಡಣೆ ನೋಡುವುದು ನನ್ನ ಕೆಲಸ. "ಒಲೆ ವಾಸನೆ ಬರ್ತದೆ, ಬಂದು ನೋಡಿ" ಎಂದು ಕರೆಯುವವರು ಬಹಳ. ಹೋಗಿ ನೋಡಿದರೆ ತಪ್ಪು ಒಲೆಯದ್ದಾಗಿರುವುದು ಕಡಿಮೆ. ನಿಮ್ಮಲ್ಲೂ ಹಾಗೇ ಕಾಣುತ್ತದೆ. ಒಲೆ ಬದಲಿಸಿದ ದುಡ್ಡು ಪೂರ್ತಿ ದಂಡ ಆಗಲಿಲ್ಲ. ಅದರಿಂದ ಒಂದು ವಿಷಯ ತಿಳಿಯಿತು. ಬೆಳಗಿನ ವಾಸನೆಯ ಮೂಲ ಬಹುಮಟ್ಟಿಗೆ ಒಲೆಗಿಂತ ಹಿಂದೆ ಇದೆ: ಪೈಪು, ರೆಗ್ಯುಲೇಟರ್, ಇಲ್ಲವೇ ಸಿಲಿಂಡರಿನ ವಾಲ್ವ್.

ನಿಮ್ಮ ಪತ್ರದಲ್ಲಿ ಇರುವುದು ಒಂದು ವಾಸನೆ ಅಲ್ಲ, ಮೂರು. ಬೆಳಿಗ್ಗೆ ನೆಲದ ಹತ್ತಿರ ಬರುವುದು ಒಂದು. ಬೆಂಕಿ ಹೊತ್ತಿಸಿದಾಗ ಬರುವ ಘಾಟು ಇನ್ನೊಂದು. ಎಂಜಿನ್ ಓಡುವಾಗಿನ ಡೀಸೆಲ್ ಮೂರನೆಯದು. ಮೂರಕ್ಕೂ ಕಾರಣ ಬೇರೆ, ಅಪಾಯ ಬೇರೆ. ಒಂದೇ ಎಂದುಕೊಂಡು ಹುಡುಕಿದ್ದರಿಂದಲೇ ಇಷ್ಟು ದಿನ ಸಿಕ್ಕಿಲ್ಲ. ತಲೆನೋವು ಮಾತ್ರ ವಾಸನೆಯೇ ಇಲ್ಲದ ನಾಲ್ಕನೆಯದರಿಂದ ಬಂದಿರಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೆಳಗಿನ ವಾಸನೆ. ರಾತ್ರಿಯಿಡೀ ಒಲೆ ಆರಿದೆ, ಬಾಗಿಲು ಮುಚ್ಚಿದೆ, ಬೆಳಿಗ್ಗೆ ನೆಲದ ಹತ್ತಿರ ವಾಸನೆ ಜಾಸ್ತಿ. ಇಷ್ಟು ಹೇಳಿದರೆ ನಾನು ಬೇರೇನೂ ಕೇಳುವುದಿಲ್ಲ, ಇದು ಗ್ಯಾಸ್ ಸೋರಿಕೆ ಎಂದೇ ಕೆಲಸ ಶುರು ಮಾಡುತ್ತೇನೆ. ಗ್ಯಾಸ್ ಹಗುರ ಎಂಬ ಮಾತು ಸಿಲಿಂಡರ್ ಗ್ಯಾಸಿಗೆ ಸಲ್ಲುವುದಿಲ್ಲ. ಈಗ ಕೆಲವು ಊರುಗಳಲ್ಲಿ ಪೈಪಿನಲ್ಲಿ ಮನೆಗೆ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ನಮ್ಮ ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಇವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ದು ಕೆಳಗೇ ಇಳಿಯುತ್ತದೆ. ಮನೆಯಲ್ಲಾದರೆ ಬಾಗಿಲ ಸಂದಿಯಿಂದ ಅಂಗಳಕ್ಕೆ ಹರಿದು ಹೋಗುತ್ತದೆ. ಬೋಟಿಗೆ ಅಂಗಳ ಇಲ್ಲ. ಹೊರಗಿನ ನೀರು ಒಳಗೆ ಬರಬಾರದು ಎಂದು ಸಂದಿ ಬಿಡದೆ ಮುಚ್ಚಿರುತ್ತೇವೆ. ಅದೇ ಕಾರಣಕ್ಕೆ ಒಳಗಿನ ಗ್ಯಾಸ್ ಹೊರಗೆ ಹೋಗುವುದಿಲ್ಲ. ನೆಲದ ಹಲಗೆಯ ಸಂದಿಯಿಂದ ತಳಕ್ಕೆ ಇಳಿದು, ಸೋರಿದ ನೀರು ನಿಲ್ಲುವ ಜಾಗದಲ್ಲಿ ಕೂತಿರುತ್ತದೆ. ಅಲ್ಲಿಂದ ಎಂಜಿನ್ ರೂಮಿಗೆ ಬಹಳ ಬೋಟುಗಳಲ್ಲಿ ದಾರಿ ಇದೆ. ಮೇಲಿನ ಕಿಟಕಿ ತೆರೆದರೆ ನಿಮ್ಮ ಮೂಗಿಗೆ ಸಮಾಧಾನ, ತಳದ ಗ್ಯಾಸಿಗೆ ಏನೂ ಆಗುವುದಿಲ್ಲ.

ಎಷ್ಟು ಗ್ಯಾಸ್ ಸೇರಿದರೆ ಅಪಾಯ? ಗಾಳಿಯಲ್ಲಿ ಸುಮಾರು ನೂರಕ್ಕೆ 1.8 ಪಾಲು ಗ್ಯಾಸ್ ಬೆರೆತರೆ ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತದೆ. 9.5 ದಾಟಿದರೆ ಗಾಳಿ ಸಾಲದೆ ಹೊತ್ತುವುದಿಲ್ಲ. ನೆಲದ ಕೆಳಗೆ ಒಂದು ಘನ ಮೀಟರ್ ಜಾಗ ಇದೆ ಎಂದುಕೊಳ್ಳಿ. ಅಲ್ಲಿ 18 ಲೀಟರ್ ಗ್ಯಾಸ್ ಸೇರಿದರೆ ಸಾಕು. ತೂಕದಲ್ಲಿ ಅದು ಸುಮಾರು 40 ಗ್ರಾಂ. ದೊಡ್ಡ ಬರ್ನರನ್ನು ಹೊತ್ತಿಸದೆ ಹೆಚ್ಚು ಕಡಿಮೆ ಕಾಲು ಗಂಟೆ ತೆರೆದಿಟ್ಟರೆ ಅಷ್ಟು ಬರುತ್ತದೆ. ಸಣ್ಣ ಸೋರಿಕೆಯಾದರೆ ಒಂದು ರಾತ್ರಿ ಬೇಕಾಗಬಹುದು. ನಿಮ್ಮ ತುಂಬಿದ ಸಿಲಿಂಡರಿನಲ್ಲಿ ಇರುವುದು 14.2 ಕಿಲೋ.

ಇನ್ನು ಮಾವನ ಮಾತು. ಅದರಲ್ಲಿ ಅರ್ಧ ನಿಜ ಇದೆ. ಈ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕವನ್ನು ತೀರಾ ಸ್ವಲ್ಪ ಸೇರಿಸುತ್ತಾರೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲಿ ಕುದಿಯುತ್ತದೆ, ಬ್ಯೂಟೇನ್ ಸೊನ್ನೆಯ ಹತ್ತಿರ, ಮರ್ಕ್ಯಾಪ್ಟನ್ 35 ಡಿಗ್ರಿಯಲ್ಲಿ. ಅಂದರೆ ಗ್ಯಾಸ್ ಮೊದಲು ಹೋಗುತ್ತದೆ, ವಾಸನೆಯ ಪಾಲು ಹಿಂದೆ ಉಳಿಯುತ್ತದೆ. ಹಾಗಾಗಿ ಸಿಲಿಂಡರ್ ಮುಗಿಯುತ್ತಾ ಬಂದಾಗ ಗ್ಯಾಸಿನ ವಾಸನೆ ನಿಜವಾಗಿಯೂ ಜಾಸ್ತಿ. ಆದರೆ ಉರಿಯದ ಗ್ಯಾಸ್ ಹೊರಗೆ ಬಂದರೆ ತಾನೇ ಮೂಗಿಗೆ ತಾಗುವುದು? ಒಲೆ ಆರಿಸಿ ಮಲಗಿದ ಮೇಲೆ, ಮುಗಿಯುತ್ತಿರುವ ಸಿಲಿಂಡರಿನಿಂದಲೂ ವಾಸನೆ ಬರಬಾರದು. ಬಂದರೆ ಸೋರಿಕೆ ಮೊದಲಿಂದಲೂ ಇತ್ತು, ಈಗ ಮೂಗಿಗೆ ಗೊತ್ತಾಯಿತು ಎಂದು ಅರ್ಥ.

ಮೂಗಿನ ಬಗ್ಗೆ ಇನ್ನೊಂದು ಮಾತು. ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಪಾಲು ಗ್ಯಾಸ್ ಬೆರೆತಾಗಲೇ ವಾಸನೆ ಗೊತ್ತಾಗಬೇಕು ಎಂಬ ಲೆಕ್ಕದಲ್ಲಿ ಮರ್ಕ್ಯಾಪ್ಟನ್ ಹಾಕುತ್ತಾರೆ. ಅದು ಒಳ್ಳೆಯ ಮೂಗಿನ ಲೆಕ್ಕ. ಮೀನಿನ ಬೋಟಿನಲ್ಲಿ ಯಾರ ಮೂಗು ಹಾಗಿರುತ್ತದೆ? ಹಳೇ ಐಸ್ ನೀರು, ತಳದಲ್ಲಿ ಕೊಳೆತ ಬೂತಾಯಿ, ಡೀಸೆಲ್ ಎಲ್ಲ ಸೇರಿರುತ್ತದೆ. ಒಂದೇ ವಾಸನೆಯಲ್ಲಿ ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ನೆಗಡಿ ಇದ್ದವನಿಗೆ, ನಶ್ಯ ಹಾಕುವವನಿಗೆ ಇನ್ನೂ ಕಷ್ಟ. ಹೊರಗಿನಿಂದ ಬಂದವನು "ಏನಿದು ಗ್ಯಾಸ್ ವಾಸನೆ" ಎಂದರೆ ಅವನ ಮಾತನ್ನೇ ನಂಬಿ. ನಿಮ್ಮವರೇ ಪರೀಕ್ಷಿಸಬೇಕಾದರೆ ಡೆಕ್ ಮೇಲೆ ಐದು-ಹತ್ತು ನಿಮಿಷ ಗಾಳಿಯಲ್ಲಿ ನಿಂತು ಆಮೇಲೆ ಒಳಗೆ ಬರಲಿ.

ಕೊಳೆತ ಮೀನಿನಿಂದ ಬರುವ ಹೈಡ್ರೋಜನ್ ಸಲ್ಫೈಡ್ ಕೂಡ ಇದೇ ಜಾತಿಯ ನಾತ. ಗ್ಯಾಸ್ ಎಂದುಕೊಂಡು ಹುಡುಕಿದ್ದು ಕೊನೆಗೆ ಮೀನಿನ ಸ್ಟೋರೇಜ್ ಆಗಿದ್ದೂ ಉಂಟು. ಅದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಜಾಸ್ತಿಯಾದರೆ ಮೂಗೇ ಕೆಲಸ ನಿಲ್ಲಿಸುತ್ತದೆ, ಆಮೇಲೆ ಮನುಷ್ಯ ಬೀಳುತ್ತಾನೆ. ಬಹಳ ದಿನ ಮುಚ್ಚಿದ ಸ್ಟೋರೇಜಿಗೆ ಒಬ್ಬನೇ ಇಳಿಯಬಾರದು. ಇಳಿದವನು ಬಿದ್ದರೆ ಎತ್ತಲು ಇನ್ನೊಬ್ಬ ಹಾಗೇ ಧುಮುಕಬಾರದು.

ಈಗ ಹುಡುಕುವ ಕ್ರಮ. ಕ್ಯಾಬಿನ್ ಬಾಗಿಲು, ನೆಲದ ಹಲಗೆ, ಎಂಜಿನ್ ರೂಮಿನ ಮುಚ್ಚಳ ಎಲ್ಲ ತೆಗೆದು ಗಾಳಿಯಾಡಲು ಬಿಡಿ. ಸ್ವಿಚ್ ಮುಟ್ಟಬೇಡಿ. ಬೀಡಿ, ಅಗರಬತ್ತಿ, ಕರ್ಪೂರ ಯಾವುದೂ ಬೇಡ. ಬೆಂಕಿಕಡ್ಡಿ ಗೀರಿ ಸೋರಿಕೆ ನೋಡುವವರು ಈಗಲೂ ಇದ್ದಾರೆ. ಅವರನ್ನು ಬೋಟಿನಿಂದ ಇಳಿಸಿ, ಆಮೇಲೆ ಕೆಲಸ ಶುರು ಮಾಡಿ.

ಪಾತ್ರೆ ತೊಳೆಯುವ ಸೋಪು ಅಥವಾ ಶಾಂಪೂ ನೀರಿಗೆ ಕಲಸಿ, ಒಂದು ಬ್ರಷ್ ತೆಗೆದುಕೊಳ್ಳಿ. ಮೊದಲು ಸಿಲಿಂಡರಿನ ವಾಲ್ವ್. ರೆಗ್ಯುಲೇಟರ್ ತೆಗೆದಿರುವಾಗ ವಾಲ್ವಿನ ಬಾಯಿಗೆ ನಾಲ್ಕು ಹನಿ ನೀರು ಬಿಡಿ. ಗುಳ್ಳೆ ಎದ್ದರೆ ಒಳಗಿನ ಪಿನ್ ಸರಿಯಾಗಿ ಕೂತಿಲ್ಲ. ಕ್ಯಾಪ್ ಹಾಕಿ, ಬಯಲಲ್ಲಿಟ್ಟು, ಏಜೆನ್ಸಿಗೆ ತಿಳಿಸಿ. ಗುಳ್ಳೆ ಇಲ್ಲದಿದ್ದರೆ ವಾಲ್ವಿನ ಒಳಗಿರುವ ಕಪ್ಪು ರಬ್ಬರ್ ರಿಂಗ್ ನೋಡಿ. ಇದು ಕತ್ತರಿಸಿದ್ದರೆ, ಇಲ್ಲದಿದ್ದರೆ, ರೆಗ್ಯುಲೇಟರ್ ಎಷ್ಟೇ ಹೊಸದಿದ್ದರೂ ಸೋರುತ್ತದೆ. ಆಮೇಲೆ ರೆಗ್ಯುಲೇಟರ್ ಕೂರಿಸಿ, ಆನ್ ಮಾಡಿ, ಒಲೆಯ ಕಿವಿಗಳನ್ನೆಲ್ಲ (ಗ್ಯಾಸ್ ತಿರುಗಿಸುವ ಗುಂಡಿಗಳನ್ನು) ಬಂದ್ ಇಟ್ಟು, ಸೋಪಿನ ನೀರು ಹಚ್ಚುತ್ತಾ ಬನ್ನಿ: ರೆಗ್ಯುಲೇಟರ್ ಕೂರುವ ಜಾಗ, ಪೈಪಿನ ಎರಡೂ ತುದಿ, ಪೈಪಿನ ಉದ್ದಕ್ಕೂ, ಒಲೆಯ ಹಿಂಬದಿಯ ಕೊಳವೆ, ಕಡೆಗೆ ಕಿವಿಗಳ ಬುಡ. ಗುಳ್ಳೆ ನಿಧಾನವಾಗಿ ಬೆಳೆಯುವುದೂ ಉಂಟು, ಒಂದೊಂದು ಜಾಗದಲ್ಲಿ ಒಂದು ನಿಮಿಷ ಕಾಯಿರಿ. ಮುಗಿದ ಮೇಲೆ ಸಿಹಿ ನೀರಿನಲ್ಲಿ ಒರೆಸಿ. ಸೋಪು ಹಿತ್ತಾಳೆಯ ಮೇಲೆ ಉಳಿದರೆ ಅದೇ ಅದನ್ನು ತಿನ್ನುತ್ತದೆ.

ಬೋಟಿನಲ್ಲಿ ಹೆಚ್ಚಾಗಿ ಸಿಗುವ ಜಾಗಗಳನ್ನು ಹೇಳುತ್ತೇನೆ. ಒಂದು, ಪೈಪಿನ ತುದಿಯ ಕ್ಲಿಪ್. ಸಾದಾ ಕಬ್ಬಿಣದ ಕ್ಲಿಪ್ ಉಪ್ಪುಗಾಳಿಗೆ ಒಂದು ಸೀಸನ್‌ನಲ್ಲೇ ತುಕ್ಕು ಹಿಡಿದು ಹಿಡಿತ ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ದು ಹಾಕಿ. ಎರಡು, ಪೈಪು ಹಲಗೆಗೆ ಉಜ್ಜುವ ಜಾಗ. ಎಂಜಿನ್ ಓಡುವಷ್ಟು ಹೊತ್ತೂ ಇಡೀ ಬೋಟು ನಡುಗುತ್ತಿರುತ್ತದೆ, ಪೈಪು ಒಂದೇ ಜಾಗದಲ್ಲಿ ಸವೆಯುತ್ತದೆ. ಮೂರು, ಇಲಿ. ನಗಬೇಡಿ. ಮೇಲೆಳೆದಿಟ್ಟ ಬೋಟಿಗೆ ಎರಡು ತಿಂಗಳು ಅವುಗಳೇ ಯಜಮಾನರು. ನಾಲ್ಕು, ಹಳೆಯ ಒಲೆಯಾದರೆ ಕಿವಿಯ ಒಳಗಿನ ಗ್ರೀಸ್ ಒಣಗಿರುತ್ತದೆ.

ಪೈಪು ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಇರಲಿ, ಒಳಗೆ ತಂತಿ ಹೆಣೆದದ್ದು. ಒಂದೂವರೆ ಮೀಟರಿಗಿಂತ ಉದ್ದ ಬೇಡ. ಐದು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬುದು ಮನೆಯ ಲೆಕ್ಕ. ಬೋಟಿನಲ್ಲಿ ನಾನು ಎರಡು ಸೀಸನ್‌ಗೆ ಒಮ್ಮೆ ಬದಲಿಸಿ ಎನ್ನುತ್ತೇನೆ. ಸಿಲಿಂಡರಿನ ಕೊರಳಿನ ಪಟ್ಟಿಯಲ್ಲಿ ಒಂದು ಅಕ್ಷರ, ಒಂದು ವರ್ಷ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಜೂನ್‌ವರೆಗೆ, ಸಿ ಸೆಪ್ಟೆಂಬರ್‌ವರೆಗೆ, ಡಿ ಡಿಸೆಂಬರ್‌ವರೆಗೆ. ಆ ತಿಂಗಳು ದಾಟಿದ ಸಿಲಿಂಡರ್ ತೆಗೆದುಕೊಳ್ಳಬೇಡಿ.

ಸೋರಿಕೆ ಎಲ್ಲೂ ಕಾಣಲಿಲ್ಲವೇ? ಹಾಗಾದರೆ ಅಡುಗೆಯ ಹೊತ್ತನ್ನು ನೆನಪು ಮಾಡಿಕೊಳ್ಳಿ. ಕುಚ್ಚಲಕ್ಕಿ ಗಂಜಿ ಬೇಯಲು ಹೊತ್ತು ಬೇಕು. ಬೋಟು ಹೊಯ್ದಾಡುತ್ತದೆ, ಗಂಜಿ ಉಕ್ಕುತ್ತದೆ, ಬೆಂಕಿ ಆರುತ್ತದೆ. ಅಡುಗೆಯವನು ಅಷ್ಟರಲ್ಲಿ ಬಲೆ ಎಳೆಯಲು ಹೋಗಿರುತ್ತಾನೆ. ಆರಿದ ಬರ್ನರಿನಿಂದ ಗ್ಯಾಸ್ ಬರುತ್ತಲೇ ಇರುತ್ತದೆ. ಯಾವ ಸೋಪಿನ ನೀರಿಗೂ ಇದು ಸಿಗುವುದಿಲ್ಲ. ಬೆಂಕಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಒಲೆಗಳು ಈಗ ಸಿಗುತ್ತವೆ. ಬರ್ನರಿನ ಪಕ್ಕ ಬೆಂಕಿಗೆ ಕಾಯುವ ಒಂದು ಸಣ್ಣ ಕಡ್ಡಿ ಇರುತ್ತದೆ, ಅದು ತಣ್ಣಗಾದರೆ ಒಳಗಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಒಲೆ ಕೊಳ್ಳುವ ಮೊದಲು ನನ್ನನ್ನು ಕೇಳಿದ್ದರೆ ಅದನ್ನೇ ಕೊಳ್ಳಿ ಎನ್ನುತ್ತಿದ್ದೆ. ಪಾತ್ರೆ ಜಾರದಂತೆ ಒಲೆಯ ಸುತ್ತ ಕಂಬಿ ಹಾಕಿಸುವುದಕ್ಕೆ ದೊಡ್ಡ ಖರ್ಚಿಲ್ಲ, ವೆಲ್ಡರ್ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾನೆ.

ಎರಡನೆಯ ವಾಸನೆಗೆ ಬರೋಣ. ಬೆಂಕಿ ಹೊತ್ತಿಸಿದಾಗ ಮಾತ್ರ ಬರುವ ಘಾಟು, ಕಣ್ಣುರಿ. ನೀವು ಬಣ್ಣ ಹೊಡೆಸಿದ್ದೀರಿ, ಫೈಬರ್ ಕೆಲಸವನ್ನೂ ಮಾಡಿಸಿರಬಹುದು. ಹೊಸ ಬಣ್ಣದ ಥಿನ್ನರ್, ರಾಳದ ಆವಿ ಮುಚ್ಚಿದ ಕ್ಯಾಬಿನ್‌ನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಸುಮ್ನೆ ಇದ್ದಾಗ ಅಷ್ಟು ತೊಂದರೆ ಕೊಡದ ಆ ಆವಿ ಬೆಂಕಿಯೊಳಗೆ ಹಾದು ಅರ್ಧ ಸುಟ್ಟರೆ ಸೀಮೆಎಣ್ಣೆಯಂಥ ಕೆಟ್ಟ ಘಾಟಾಗುತ್ತದೆ. ಮನೆಗೆ ಬಣ್ಣ ಹೊಡೆಸಿದಾಗಲೂ ಹೀಗಾಗುವುದುಂಟು. ಬಣ್ಣ ಪೂರ್ತಿ ಒಣಗಿ, ಕ್ಯಾಬಿನ್‌ಗೆ ನಾಲ್ಕು ದಿನ ಒಳ್ಳೆಯ ಗಾಳಿ ಸಿಕ್ಕರೆ ಇದು ತಾನಾಗಿ ಇಳಿಯುತ್ತದೆ. ಒಲೆಯ ಹಿಂದಿನ ಗೋಡೆಗೆ ಬಣ್ಣ ಬಳಿದಿದ್ದರೆ ಅಲ್ಲಿ ಮಾತ್ರ ಸ್ಟೀಲ್ ತಗಡು ಹೊಡೆಸಿ.

ಹಳದಿ ಬೆಂಕಿಯನ್ನು ನೋಡಿ ಎಲ್ಲರೂ ಒಲೆಯನ್ನೇ ಬೈಯುತ್ತಾರೆ. ಕಡಲಲ್ಲಿ ಅದು ಸ್ವಲ್ಪ ಮೋಸವೂ ಮಾಡುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಬೆಂಕಿಗೆ ಬಿದ್ದರೆ ಕಿತ್ತಳೆ-ಹಳದಿ ಬಣ್ಣ ಬರುತ್ತದೆ, ಗಾಳಿಯಲ್ಲಿ ತುಂತುರು ಇದ್ದಾಗ ಇದು ಮಾಮೂಲು. ಗುರುತಿಸುವುದು ಸುಲಭ. ಪಾತ್ರೆಯ ತಳ ನೋಡಿ. ಮಸಿ ಹಿಡಿಯದೆ ಬಣ್ಣ ಮಾತ್ರ ಹಳದಿಯಾದರೆ ಉಪ್ಪು. ಬೆಂಕಿ ಸೋಮಾರಿಯಾಗಿ ಎದ್ದು, ತುದಿ ಹಳದಿಯಾಗಿ, ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲುತ್ತಿಲ್ಲ. ಗಾಳಿ ಸಾಲದಿರಲು ಎರಡು ಕಾರಣ. ಬರ್ನರಿನ ಗಾಳಿ ತೂತು ಮುಚ್ಚಿರಬಹುದು, ಇಲ್ಲವೇ ಕ್ಯಾಬಿನ್ ಮುಚ್ಚಿರಬಹುದು. ನಿಮ್ಮ ಒಲೆ ಹೊಸದು, ಎರಡನೆಯದೇ ಇರಬೇಕು. ಆಗಸ್ಟ್ ಮಳೆಗೆ ಬಾಗಿಲು ಹಾಕಿ, ಸಂದಿಗೆಲ್ಲ ಟಾರ್ಪಾಲು ತುರುಕಿ ಅಡುಗೆ ಮಾಡುತ್ತೀರಿ ಅಲ್ವಾ? ಅಂದ ಹಾಗೆ ಹಳೆಯ ಒಲೆಯನ್ನು ಗುಜರಿಗೆ ಹಾಕಿಲ್ಲದಿದ್ದರೆ ಅದರ ಬರ್ನರ್ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಎರಡು ತಿಂಗಳು ಸುಮ್ಮನಿದ್ದ ಒಲೆಯಲ್ಲಿ ಜೇಡ ಗೂಡು ಕಟ್ಟುವುದು ಬಹಳ ಸಾಮಾನ್ಯ. ಒಂದು ತಂತಿ ಬ್ರಷ್ಷಿನಲ್ಲಿ ಸರಿಹೋಗುವ ಒಲೆಗಳನ್ನು ಜನ ಎಸೆಯುತ್ತಾರೆ.

ಈಗ ತಲೆನೋವು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಇದೇ. ಗಾಳಿ ಸಾಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಜ್ವರ ಇಲ್ಲದೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. ಬೋಟಿನಲ್ಲಿ ಇದನ್ನು ಕಡಲ ಕಾಯಿಲೆ ಎಂದೋ, ರಾತ್ರಿ ನಿದ್ದೆ ಇಲ್ಲದ್ದಕ್ಕೆ ಎಂದೋ ಬಿಟ್ಟುಬಿಡುತ್ತಾರೆ. ನೀವು ನೋಡಬೇಕಾದ ಗುರುತು ಇಷ್ಟೆ. ಡೆಕ್ ಮೇಲೆ ಬಂದು ಗಂಟೆ-ಎರಡು ಗಂಟೆಯಲ್ಲಿ ತಲೆನೋವು ಇಳಿದು, ಮತ್ತೆ ಕ್ಯಾಬಿನ್‌ನಲ್ಲಿ ಮಲಗಿ ಎದ್ದಾಗ ಬರುತ್ತದೆಯೇ? ಅವನು ಮಲಗುವುದು ಒಲೆಯ ಹತ್ತಿರವೇ? ಹೌದಾದರೆ ಅವನಿಗೆ ಮಾತ್ರೆ ಕೊಟ್ಟು ಮಲಗಿಸಬೇಡಿ. ದಡಕ್ಕೆ ಬಂದ ಮೇಲೆ ಮಾಡಿಸುವ ರಕ್ತಪರೀಕ್ಷೆಯಲ್ಲಿ ಇದು ಸಿಗದೇ ಹೋಗಬಹುದು. ಒಳ್ಳೆಯ ಗಾಳಿಯಲ್ಲಿ ನಾಲ್ಕೈದು ಗಂಟೆಗೆ ರಕ್ತದಲ್ಲಿನ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಡಾಕ್ಟರ ಹತ್ತಿರ ಹೋದಾಗ ಬೋಟಿನ ಸಂಗತಿ, ಒಲೆಯ ಸಂಗತಿ ನೀವೇ ಹೇಳಿ.

ಮಳೆಯ ಚಳಿಗೆ ಒಲೆ ಉರಿಸಿಟ್ಟು ಕ್ಯಾಬಿನ್ ಬೆಚ್ಚಗೆ ಮಾಡಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಅಡುಗೆ ಮಾಡುವಾಗ ಮೇಲೊಂದು, ಕೆಳಗೊಂದು ಕಿಂಡಿ ತೆರೆದಿರಲೇಬೇಕು, ಮಳೆ ಒಳಗೆ ಬಂದರೂ ಸರಿ. ಎಂಜಿನ್ ಹೊಗೆಯೂ ಕಾರಣ ಆಗಿರಬಹುದು. ಹಿಂದಿನಿಂದ ಗಾಳಿ ಬೀಸುವಾಗ ಹೊಗೆ ಕೊಳವೆಯ ಹೊಗೆ ತಿರುಗಿ ಕ್ಯಾಬಿನ್‌ಗೇ ಬರುತ್ತದೆ. ಎಂಜಿನ್ ರೂಮಿನಲ್ಲಿ ಹೊಗೆ ಕೊಳವೆಯ ಜೋಡಣೆ ಕಪ್ಪಾಗಿದ್ದರೆ ಅಲ್ಲಿಂದ ಸೋರುತ್ತಿದೆ ಎಂದೇ ಲೆಕ್ಕ.

ಡೀಸೆಲ್ ವಾಸನೆಗೂ ಒಲೆಗೂ ಸಂಬಂಧ ಇಲ್ಲ. ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ಸಣ್ಣ ಪೈಪು, ಫಿಲ್ಟರಿನ ವಾಷರ್, ಟ್ಯಾಂಕಿನ ಗಾಳಿ ಕೊಳವೆ, ಈ ಮೂರನ್ನು ಮೆಕ್ಯಾನಿಕ್ ನೋಡಲಿ. ಒಣಗಿದ ಬಿಳಿ ಕಾಗದವನ್ನು ಜೋಡಣೆಗಳಿಗೆ ಒತ್ತಿದರೆ ಒದ್ದೆಯಾದ ಜಾಗ ಗೊತ್ತಾಗುತ್ತದೆ. ತಳದ ನೀರಿನ ಮೇಲೆ ತೇಲುವ ಡೀಸೆಲ್ ತೆಗೆಯದೆ ಪೈಪು ಮಾತ್ರ ಸರಿ ಮಾಡಿದರೆ ವಾಸನೆ ತಿಂಗಳಾದರೂ ಹೋಗುವುದಿಲ್ಲ. ಅದನ್ನು ಕಡಲಿಗೆ ಚೆಲ್ಲಬೇಡಿ, ಸ್ಪಂಜಿನಲ್ಲಿ ಹೀರಿ ಕ್ಯಾನಿಗೆ ಹಿಂಡಿ. ಬಿಸಿಯಾದ ಹೊಗೆ ಕೊಳವೆಯ ಮೇಲೆ ಹನಿಯುವ ಡೀಸೆಲ್ ಮಾತ್ರ ವಾಸನೆಯ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ.

ಇನ್ನು ಮುಂದೇನು ಮಾಡಬಹುದು ಎಂದು ನೋಡೋಣ. ಮೊದಲ ದಾರಿ, ಸೋರುವ ಭಾಗ ಬದಲಿಸಿ ಸಿಲಿಂಡರನ್ನು ಹಲಗೆಯ ಕೆಳಗೇ ಇಡುವುದು. ಖರ್ಚು ಕಡಿಮೆ. ಹೆಚ್ಚಿನವರು ಮಾಡುವುದೂ ಇದನ್ನೇ. ನಾನು ಒಪ್ಪುವುದಿಲ್ಲ. ಮುಂದಿನ ಸೋರಿಕೆ ಯಾವಾಗ ಎಂಬುದಷ್ಟೇ ಪ್ರಶ್ನೆ, ಅದು ಬಂದಾಗ ಗ್ಯಾಸ್ ಇಳಿಯುವುದು ಮಲಗಿದವರ ಕೆಳಗೇ.

ಎರಡನೆಯದು, ಸಿಲಿಂಡರನ್ನು ಡೆಕ್ ಮೇಲೆ ಪೆಟ್ಟಿಗೆಯಲ್ಲಿ ಇಡುವುದು. ನಾನು ಹೇಳುವುದು ಇದನ್ನೇ. ಫೈಬರ್ ಪೆಟ್ಟಿಗೆ ಸಾಕು, ಮುಚ್ಚಳ ಮೇಲೆ ತೆರೆಯಬೇಕು, ಪಕ್ಕ ಮತ್ತು ತಳದಲ್ಲಿ ಸಂದಿ ಇರಬಾರದು. ತಳದ ತೀರಾ ಕೆಳಭಾಗದಿಂದ ಕನಿಷ್ಠ 19 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚು ಒಳ ಅಗಲದ ಕೊಳವೆ ಬೋಟಿನ ಹೊರಗೆ ಇಳಿಯಬೇಕು. ಅದರ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರಲಿ, ಬೋಟು ವಾಲಿದಾಗಲೂ. ಎಂಜಿನ್ ರೂಮಿನ ಗಾಳಿ ಕಿಂಡಿಯ ಹತ್ತಿರ ಇರಬಾರದು. ಸೋರಿದ್ದೆಲ್ಲ ತಾನಾಗಿ ಕಡಲಿಗೆ ಹೋಗುತ್ತದೆ. ಪೆಟ್ಟಿಗೆಯಿಂದ ಒಲೆಯವರೆಗೆ ತಾಮ್ರದ ಕೊಳವೆ, ನಡುವೆ ಎಲ್ಲೂ ಜೋಡಣೆ ಇಲ್ಲದೆ, ಗೋಡೆ ದಾಟುವಲ್ಲಿ ರಬ್ಬರ್ ಬಳೆ ಹಾಕಿ. ಸುರಕ್ಷಾ ಪೈಪನ್ನು ಗೋಡೆಯೊಳಗೆ ತೂರಿಸಬಾರದು, ಕಣ್ಣಿಗೆ ಕಾಣುವಲ್ಲೇ ಇರಬೇಕು. ತೊಂದರೆ ಒಂದೇ. ಅಡುಗೆಯಾದ ಮೇಲೆ ಹೊರಗೆ ಹೋಗಿ ರೆಗ್ಯುಲೇಟರ್ ಬಂದ್ ಮಾಡಬೇಕು. ಮಳೆಯಲ್ಲಿ ಬೇಸರ ಬರುತ್ತದೆ. ಮಾಡದಿದ್ದರೆ ಪೆಟ್ಟಿಗೆಯ ಅರ್ಧ ಉಪಯೋಗ ಹೋಯಿತು. ಸಿಲಿಂಡರ್ ಯಾವತ್ತೂ ಮಲಗಬಾರದು, ಮಲಗಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಒಲೆಯಲ್ಲಿ ಬೆಂಕಿ ಆಳೆತ್ತರ ಏಳಬಹುದು.

ಇದೇ ಹೊತ್ತಿಗೆ 14.2 ಕಿಲೋ ಸಿಲಿಂಡರನ್ನೂ ಮನೆಗೆ ಕಳಿಸಿ. ಮನೆಬಳಕೆಯ ಸಿಲಿಂಡರನ್ನು ದುಡಿಮೆಯ ಬೋಟಿನಲ್ಲಿ ಬಳಸಲು ನಿಯಮವೂ ಬಿಡುವುದಿಲ್ಲ. 5 ಕಿಲೋದ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಐದು ಜನರ ಎರಡು-ಮೂರು ದಿನಕ್ಕೆ ಅದು ಧಾರಾಳ, ಪೆಟ್ಟಿಗೆಯೂ ಚಿಕ್ಕದಾಗುತ್ತದೆ.

ಮೂರನೆಯದು ಸೀಮೆಎಣ್ಣೆ. ತಳದಲ್ಲಿ ಗ್ಯಾಸ್ ಕೂಡಿ ಸಿಡಿಯುವ ಭಯ ತಪ್ಪುತ್ತದೆ, ಅದು ದೊಡ್ಡ ಲಾಭವೇ. ಆದರೆ ನೀವು ವಾಸನೆ ತಪ್ಪಿಸಲು ಹೊರಟವರು. ಬತ್ತಿ ಸ್ಟವ್ ಹೊತ್ತಿಸುವಾಗ, ಆರಿಸುವಾಗ ಸಾಕಷ್ಟು ವಾಸನೆ ಬಿಡುತ್ತದೆ. ಪಂಪ್ ಸ್ಟವ್ ಸರಿಯಾಗಿ ಕಾಯದೆ ಹೊತ್ತಿಸಿದರೆ ಎಣ್ಣೆಯೇ ಚಿಮ್ಮಿ ಉರಿಯುತ್ತದೆ, ಹೊಯ್ದಾಡುವ ಬೋಟಿನಲ್ಲಿ ಅದು ಆಟವಲ್ಲ. ಕಾರ್ಬನ್ ಮೊನಾಕ್ಸೈಡ್ ಇದರಲ್ಲೂ ಹುಟ್ಟುತ್ತದೆ. ಸೀಮೆಎಣ್ಣೆಯ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಶಾಖ ಕನಿಷ್ಠ 35 ಡಿಗ್ರಿ ಇರಬೇಕು ಎಂಬುದು ಮಾನದಂಡ. ಎಂಜಿನ್ ರೂಮಿನಲ್ಲಿ 35 ಡಿಗ್ರಿ ಏನೂ ಅಲ್ಲ. ಕ್ಯಾನನ್ನು ಅಲ್ಲಿ ಇಡಬೇಡಿ. ನಾಡದೋಣಿಯವರು ಹೊರ ಎಂಜಿನ್ನಿಗೆ ಸೀಮೆಎಣ್ಣೆ ತರುವುದರಿಂದ ಕೈಗೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಬದಲಾಯಿಸುವುದು ನನಗೆ ಸರಿ ಕಾಣುವುದಿಲ್ಲ.

ಯಾವ ದಾರಿ ಹಿಡಿದರೂ ಎರಡು ಅಲಾರಂ ಹಾಕಿಸಿ. ಗ್ಯಾಸಿನದ್ದು ನೆಲದಿಂದ ಒಂದು ಅಡಿಯೊಳಗೆ, ನೀರು ಎರಚದ ಜಾಗದಲ್ಲಿ. ಕಾರ್ಬನ್ ಮೊನಾಕ್ಸೈಡಿನದ್ದು ಮಲಗಿದವರ ತಲೆಯ ಮಟ್ಟದಲ್ಲಿ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವಂಥದ್ದು ನೋಡಿ ಕೊಳ್ಳಿ. ಉಪ್ಪುಗಾಳಿ ಇವನ್ನು ಬೇಗ ಕೊಲ್ಲುತ್ತದೆ, ಪ್ರತಿ ಸಲ ಹೊರಡುವ ಮುಂಚೆ ಟೆಸ್ಟ್ ಬಟನ್ ಒತ್ತಬೇಕು. ಹೊಸ ಬಣ್ಣದ ಆವಿಗೂ ಗ್ಯಾಸ್ ಅಲಾರಂ ಕೂಗುವುದುಂಟು. ಕೂಗಿದರೆ ಸುಳ್ಳು ಎಂದು ವೈರ್ ಕೀಳಬೇಡಿ, ಒಮ್ಮೆ ತಳ ನೋಡಿ.

ಇಷ್ಟೆಲ್ಲ ಮಾಡಿಯೂ ಕಡಲಲ್ಲಿ ಜೋರು ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕೆಂದು ಐದು ಜನರಿಗೂ ಮೊದಲೇ ಗೊತ್ತಿರಬೇಕು. ಬೆಂಕಿ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಎಲ್ಲರೂ ಡೆಕ್ ಮೇಲೆ ಬನ್ನಿ. ಒಂದು ಸ್ವಿಚ್ಚನ್ನೂ ಹಾಕಬೇಡಿ, ತೆಗೆಯಲೂ ಬೇಡಿ, ಎರಡಕ್ಕೂ ಕಿಡಿ ಬರುತ್ತದೆ. ತಳದ ನೀರೆತ್ತುವ ಕರೆಂಟ್ ಪಂಪನ್ನು ಮುಟ್ಟಲೇಬೇಡಿ. ಎಂಜಿನ್ ನಿಂತಿದ್ದರೆ ಸ್ಟಾರ್ಟ್ ಮಾಡಬೇಡಿ. ಓಡುತ್ತಿದ್ದರೆ ಎಳೆದು ನಿಲ್ಲಿಸುವ ಲಿವರಿನಿಂದ ನಿಲ್ಲಿಸಿ. ಡೀಸೆಲ್ ಎಂಜಿನ್ ಗಾಳಿಯ ಜೊತೆ ಗ್ಯಾಸನ್ನೂ ಎಳೆದುಕೊಂಡರೆ ತಡೆಯಿಲ್ಲದೆ ಓಡಲು ಶುರು ಮಾಡಬಹುದು. ಬಾಗಿಲು, ಹಲಗೆ, ಮುಚ್ಚಳ ಎಲ್ಲ ತೆರೆಯಿರಿ. ಆಮೇಲೆ ಪ್ಲಾಸ್ಟಿಕ್ ಬಕೆಟ್ ಹಿಡಿದು ತಳದಿಂದ ಗ್ಯಾಸನ್ನು ಮೊಗೆದು ಕಡಲಿಗೆ ಸುರಿಯಿರಿ. ಬರಿ ಬಕೆಟ್ ಎತ್ತಿ ಸುರಿಯುವುದು ಹುಚ್ಚರ ಕೆಲಸದಂತೆ ಕಾಣುತ್ತದೆ, ಆದರೆ ಭಾರವಾದ ಗ್ಯಾಸ್ ಹಾಗೆ ಹೊರಗೆ ಹೋಗುತ್ತದೆ. ಕೈಪಂಪು ಇದ್ದರೆ ಅದೂ ಆಗುತ್ತದೆ. ಕಬ್ಬಿಣದ ಬಕೆಟ್ ಬೇಡ. ಫೋನ್, ವಾಕಿಟಾಕಿಯನ್ನು ತೆರೆದ ಡೆಕ್ಕಿನ ತುದಿಗೆ ಹೋಗಿ ಬಳಸಿ. ಬೋಟಿನ ವಿಎಚ್‌ಎಫ್ ರೇಡಿಯೊದಲ್ಲಿ 16ನೇ ಚಾನೆಲ್, ಫೋನಿನಲ್ಲಿ ಕೋಸ್ಟ್ ಗಾರ್ಡ್ ಸಂಖ್ಯೆ 1554. ದಕ್ಕೆಯಲ್ಲಿ ಇರುವಾಗಲಾದರೆ ಗ್ಯಾಸ್ ಸೋರಿಕೆಗೆಂದೇ ಇರುವ 1906.

ಮೊದಲು ಸೋಪಿನ ನೀರಿನ ಪರೀಕ್ಷೆ ಮಾಡಿ. ಗುಳ್ಳೆ ಎಲ್ಲಿ ಎದ್ದಿತು, ಕಲಾಸಿ ಮಲಗುವ ಜಾಗ ಯಾವುದು, ಈ ಎರಡನ್ನು ಬರೆದು ಕಳಿಸಿ. ಪೆಟ್ಟಿಗೆಯ ಕೊಳವೆಯನ್ನು ಎಲ್ಲಿಂದ ಇಳಿಸಬೇಕು ಎಂದು ನಿಮ್ಮ ಬೋಟಿನ ಫೋಟೋ ನೋಡಿಯೇ ಹೇಳಬೇಕಾಗುತ್ತದೆ. ಪಕ್ಕದಿಂದ ತೆಗೆದದ್ದೊಂದು, ಹಿಂದಿನಿಂದ ತೆಗೆದದ್ದೊಂದು ಕಳಿಸಿದರೆ ಸಾಕು.